ಕಾವಲ್ಪೇಟೆಯ ಕರೆಂಟ್ ಸಮ್ಮಟಿಗೆ

ನಂಜುಂಡನ ಕೆಲಸ ಹೋದದ್ದು ತೊಂಬತ್ತೊಂಬತ್ತನೆಯ ಇಸವಿಯ ಆಷಾಢದಲ್ಲಿ. ಹೋಯಿತು ಎನ್ನುವುದಕ್ಕಿಂತ ಅವನೇ ಬರೆದುಕೊಟ್ಟು ಬಂದ ಎನ್ನಬೇಕು. ಮದ್ರಾಸಿನ ಅಂಬತ್ತೂರು ಕೈಗಾರಿಕಾ ಎಸ್ಟೇಟಿನಲ್ಲಿ ಸ್ಕೂಟರಿನ ಗೇರುಗಳನ್ನು ಮಾಡುವ ಆ ಕಾರ್ಖಾನೆಯವರು, ಕಬ್ಬಿಣ ಕಾಯಿಸಿ ಹದ ಹಾಕುವ ವಿಭಾಗವನ್ನೇ ಮುಚ್ಚುತ್ತೇವೆ, ಇಷ್ಟವಿದ್ದವರು ಸ್ವಯಂ ನಿವೃತ್ತಿ ತೆಗೆದುಕೊಳ್ಳಬಹುದು ಎಂದು ನೋಟೀಸು ಹಚ್ಚಿದರು. ಇಷ್ಟವಿಲ್ಲದವರು ಏನು ಮಾಡಬೇಕೆಂದು ನೋಟೀಸಿನಲ್ಲಿ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷ ಕುಲುಮೆಯ ಮುಂದೆ ನಿಂತು, ಕೊನೆಗೆ ಆ ವಿಭಾಗದ ಫೋರ್‌ಮನ್ ಆಗಿದ್ದ ನಂಜುಂಡ, ನಲವತ್ತೇಳನೆಯ ವಯಸ್ಸಿನಲ್ಲಿ ಟಿಫನ್ ಕ್ಯಾರಿಯರ್ ಹಿಡಿದುಕೊಂಡು ಕೊನೆಯ ಸಲ ಗೇಟು ದಾಟಿ ಬಂದ.

ಅವನು ನಂಜನಗೂಡಿನ ಕಡೆಯವನು. ಮೈಸೂರಿನಲ್ಲಿ ಐಟಿಐ ಓದಿ, ಪೆರಂಬೂರಿನ ರೈಲ್ವೆಯಲ್ಲಿದ್ದ ಸೋದರಮಾವನ ಬೆನ್ನು ಹಿಡಿದು ಮದ್ರಾಸಿಗೆ ಬಂದವನು, ಅಲ್ಲೇ ಬೇರು ಬಿಟ್ಟಿದ್ದ. ಹೆಂಡತಿ ಕಲಾವತಿ ವಿಮಾ ಕಚೇರಿಯಲ್ಲಿ ಗುಮಾಸ್ತೆ. ಒಬ್ಬಳೇ ಮಗಳು ಕೃತಿ ಆಗ ಹೈಸ್ಕೂಲಿನಲ್ಲಿದ್ದಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲಿ.

ಕಲಾವತಿಯ ಸಂಬಳವಿತ್ತು, ಮನೆ ಸ್ವಂತದ್ದು. ಆದ್ದರಿಂದ ಊಟಕ್ಕೇನೂ ತೊಂದರೆಯಾಗಲಿಲ್ಲ. ನಂಜುಂಡ ಬೆಳಿಗ್ಗೆ ಎದ್ದು ಹುಳಿಗೆ ಬೇಳೆ ಬೇಯಿಸುವುದನ್ನು ಕಲಿತ, ಬಟ್ಟೆಗೆ ಇಸ್ತ್ರಿ ಹಾಕಿದ, ಬೀದಿಯವರ ಮಿಕ್ಸಿ ರಿಪೇರಿ ಮಾಡಿಕೊಟ್ಟ. ಕೊರಗು ಬೇರೆಯದಿತ್ತು. ದಿನಕ್ಕೆ ನೂರು ಸಲ 'ಸಾರ್, ಇದು ಸರಿಯಾಗಿದೆಯಾ ನೋಡಿ' ಎಂದು ಕೇಳಿಸಿಕೊಂಡಿದ್ದ ಕಿವಿಗೆ ಈಗ ಆ ಮಾತು ಬೀಳುತ್ತಿರಲಿಲ್ಲ. ಕೆಂಪಗೆ ಕಾದ ಕಬ್ಬಿಣದ ಬಣ್ಣ ನೋಡಿ ಶಾಖ ಎಷ್ಟೆಂದು ಹೇಳಬಲ್ಲ ಮನುಷ್ಯನನ್ನು ಯಾರೂ ಏನನ್ನೂ ಕೇಳುವುದಿಲ್ಲ ಎನ್ನುವುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಎರಡು ವರ್ಷ ಹೀಗೇ ಕಳೆಯಿತು. ಎರಡು ಸಾವಿರದ ಒಂದರಲ್ಲಿ ಕಲಾವತಿ ಪತ್ರಿಕೆಯಲ್ಲಿದ್ದ ಒಂದು ಸಣ್ಣ ಜಾಹೀರಾತನ್ನು ಕತ್ತರಿಸಿ ತಂದು ಅವನ ಮುಂದಿಟ್ಟಳು. ಹಳ್ಳಿಗಾಡಿನ ಸಣ್ಣ ಊರುಗಳ ಕಸುಬುಗಳನ್ನು ಉಳಿಸಿ ಬೆಳೆಸುವ ಸರ್ಕಾರದ ಯೋಜನೆಯೊಂದು. ಕಮ್ಮಾರರಿಗೆ ಕಬ್ಬಿಣ ಹದ ಹಾಕುವುದನ್ನು ಕಲಿಸಲು ಅನುಭವಿಯೊಬ್ಬರು ಬೇಕು. ನುಂಗಂಬಾಕ್ಕಂ ಕಚೇರಿಗೆ ಬಂದು ಕಾಣಿ. ನಂಜುಂಡ ಬಿಳಿ ಷರಟು ಹಾಕಿಕೊಂಡು ಹೋದ.

ಅಲ್ಲಿ ಯೋಜನಾಧಿಕಾರಿಯಾಗಿದ್ದವರು ಕಮಲಾಕರ ಎನ್ನುವವರು. ಬ್ಯಾಂಕಿನಿಂದ ಎರವಲಾಗಿ ಬಂದಿದ್ದ ಶಿವಮೊಗ್ಗದ ಕಡೆಯ ಮನುಷ್ಯ. ಅರ್ಜಿಯಲ್ಲಿ ಹುಟ್ಟಿದ ಊರು ನೋಡಿದವರೇ ಇಂಗ್ಲಿಷು ಬಿಟ್ಟು ಕನ್ನಡಕ್ಕೆ ಬಂದರು. ತಿರುವಳ್ಳೂರಿನಿಂದ ಆಚೆ ಒಂದು ಗಂಟೆ ಬಸ್ಸಿನಲ್ಲಿ ಹೋದರೆ ಕಾವಲ್ಪೇಟೆ ಎನ್ನುವ ಊರಿದೆ, ಅಲ್ಲಿ ನಲವತ್ತಮೂರು ಕುಲುಮೆಗಳಿವೆ, ಕುಡುಗೋಲು, ಮಚ್ಚು, ಈಳಿಗೆಮಣೆ ಮಾಡುತ್ತಾರೆ, ಹೊರಗಿನ ಅಗ್ಗದ ಮಾಲು ಬಂದು ಅವರ ಮಾಲು ಕೇಳುವವರಿಲ್ಲ ಎಂದು ವಿವರಿಸಿದರು. ಯೋಜನೆಯವರು ಅಲ್ಲಿ ಕಟ್ಟಡ ಕಟ್ಟಿ, ಯಂತ್ರ ಇಟ್ಟಾಗಿದೆ. ಕಲಿಸುವವರಿಲ್ಲದೆ ಬೀಗ ಬಿದ್ದಿದೆ.

"ಕಲಿಸಿ ಅಭ್ಯಾಸ ಇದೆಯಾ?" ಎಂದು ಕೇಳಿದರು.

"ಇಪ್ಪತ್ನಾಲ್ಕು ವರ್ಷ ಹುಡುಗ್ರಿಗೆ ಕಲಿಸಿದ್ದೇ ಸಾರ್ ನನ್ನ ಕೆಲ್ಸ," ಎಂದ ನಂಜುಂಡ.

ಆ ಸಂಜೆ ಮನೆಯಲ್ಲಿ ಕೃತಿ, "ಅಪ್ಪಾ, ಇನಿಮೇ ನೀಂಗ ವಾದ್ಯಾರಾ?" ಎಂದಳು, ಇನ್ನು ಮೇಲೆ ನೀವು ಮೇಷ್ಟ್ರಾ ಎಂದು. ನಂಜುಂಡನಿಗೆ ಆ ಮಾತು ಬಹಳ ಹಿಡಿಸಿತು.

ವಾರಕ್ಕೆ ಮೂರು ದಿನ ಅವನು ಅಂಬತ್ತೂರಿನಲ್ಲಿ ಲೋಕಲ್ ಟ್ರೈನ್ ಹಿಡಿದು ತಿರುವಳ್ಳೂರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಕಾವಲ್ಪೇಟೆಗೆ ಹೋಗತೊಡಗಿದ. ಊರು ಸಣ್ಣದು. ಒಂದು ಬಸ್ ನಿಲ್ದಾಣ, ಎರಡು ಟೀ ಅಂಗಡಿ, ಶುಕ್ರವಾರದ ಸಂತೆ, ಒಂದು ಕೆರೆ. ಕೆರೆಯ ಏರಿಯ ಕೆಳಗೆ ಆಚಾರಿ ಬೀದಿ. ಬೆಳಿಗ್ಗೆ ಆರಕ್ಕೆಲ್ಲ ಆ ಬೀದಿಯಲ್ಲಿ ಠಣ್ ಠಣ್ ಸದ್ದು ಎದ್ದರೆ ಬಿಸಿಲು ನೆತ್ತಿಗೇರುವವರೆಗೂ ನಿಲ್ಲುತ್ತಿರಲಿಲ್ಲ. ಯೋಜನೆಯ ಕಟ್ಟಡ ಮಾತ್ರ ಅಲ್ಲಿಂದ ಎರಡು ಮೈಲಿ ದೂರ, ಪಂಚಾಯತಿ ಯೂನಿಯನ್ ಕಚೇರಿಯ ಪಕ್ಕದಲ್ಲಿ. ಸರ್ಕಾರಿ ಜಾಗ ಸಿಕ್ಕಿದ್ದು ಅಲ್ಲಿ, ಆದ್ದರಿಂದ ಕಟ್ಟಿದ್ದೂ ಅಲ್ಲಿ. ಒಳಗೆ ವಿದ್ಯುತ್ತಿನ ಕುಲುಮೆ, ಸಾಣೆ ಯಂತ್ರ, ಮೂಲೆಯಲ್ಲಿ ಆಳೆತ್ತರದ ಪವರ್ ಹ್ಯಾಮರ್. ಪೆಡಲು ತುಳಿದರೆ ತಾನಾಗಿ ಬಡಿಯುವ ದೊಡ್ಡ ಸುತ್ತಿಗೆ ಅದು. ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಯಾರೂ ತೆಗೆದಿರಲಿಲ್ಲ.

ನಂಜುಂಡ ಗೋಡೆಗೆ ಕಪ್ಪು ಹಲಗೆ ಹಾಕಿಸಿದ. ಎಷ್ಟು ಡಿಗ್ರಿಗೆ ಯಾವ ಬಣ್ಣ, ಎಣ್ಣೆಯಲ್ಲಿ ಅದ್ದಿದರೆ ಏನಾಗುತ್ತದೆ, ನೀರಿನಲ್ಲಿ ಅದ್ದಿದರೆ ಏನಾಗುತ್ತದೆ ಎಂದು ಚಿತ್ರ ಬರೆದು ವಿವರಿಸಿದ. ಪಟ್ಟಿಯಲ್ಲಿ ಅರವತ್ತು ಜನರ ಹೆಸರಿತ್ತು. ಮೊದಲ ದಿನ ಹದಿನಾಲ್ಕು ಜನ ಬಂದರು, ಎರಡನೆಯ ವಾರಕ್ಕೆ ಒಂಬತ್ತಾದರು. ಬಂದವರೂ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಅವರಲ್ಲಿ ಹಿರಿಯರು ಕನ್ನಿಯಪ್ಪ ಆಚಾರಿ. ಅವರು ತೂಕಡಿಸುತ್ತಿರಲಿಲ್ಲ, ಆದರೆ ಮಾತೂ ಆಡುತ್ತಿರಲಿಲ್ಲ. ಕೈಕಟ್ಟಿ ಕೂತು ಹಲಗೆ ನೋಡಿ, ಹೊತ್ತಾದ ಮೇಲೆ ಎದ್ದು ಹೋಗುತ್ತಿದ್ದರು.

ಬಾಯಿಮಾತಿಗಿಂತ ಕಣ್ಣಾರೆ ತೋರಿಸುವುದು ಮೇಲು ಎಂದು ನಂಜುಂಡನಿಗೆ ಅನ್ನಿಸಿತು. ಒಂದು ಬುಧವಾರ ಕನ್ನಿಯಪ್ಪನವರು ಸಂತೆಗೆಂದು ಬಡಿದಿಟ್ಟಿದ್ದ ಇಪ್ಪತ್ತು ಮಚ್ಚುಗಳನ್ನು ಕೇಳಿ ತೆಗೆದುಕೊಂಡ. ಎಲ್ಲವನ್ನೂ ಒಟ್ಟಿಗೆ ವಿದ್ಯುತ್ ಕುಲುಮೆಯಲ್ಲಿಟ್ಟು, ಮೀಟರು ನೋಡಿ, ಪುಸ್ತಕದಲ್ಲಿ ಹೇಳಿದಂತೆ ಹದ ಹಾಕಿದ. ನೋಡಲು ಮುದ್ದಾಗಿ ಬಂದವು. ಒಂದನ್ನು ಎತ್ತಿ ಮರದ ದಿಮ್ಮಿಗೆ ಹೊಡೆದ, ಅಲಗು ಮೊಂಡಾಗಲಿಲ್ಲ. ಎರಡನೆಯದನ್ನು ಹೊಡೆದ. ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯಂಥ ಬಿರುಕು ಬಿಟ್ಟಿತು. ಒಂದೊಂದಾಗಿ ಹೊಡೆದು ನೋಡಿದರೆ ಇಪ್ಪತ್ತರಲ್ಲಿ ಏಳು ಸೀಳಿಹೋದವು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು ಎಂದು ನಂಜುಂಡ ಆಮೇಲೆ ಹೇಳುತ್ತಿದ್ದ. ಕನ್ನಿಯಪ್ಪನವರು ಎದ್ದು ಬಂದು ಸೀಳಿದ ಏಳನ್ನೂ ಒಂದು ಕಡೆ ಜೋಡಿಸಿದರು. ಒಂದನ್ನು ಮುರಿದು ಒಳಗೆ ಹರಳು ಹರಳಾಗಿದ್ದ ಉಕ್ಕನ್ನು ತೋರಿಸಿದರು. ಮೊದಲ ಬಾರಿಗೆ ಬಾಯಿಬಿಟ್ಟು, ಇವು ಟ್ರೇಲರಿನ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದವು, ಉಳಿದವು ಲಾರಿಯ ಪಟ್ಟಿಯವು, ನಾವು ಗುಜರಿಯಿಂದ ತರುವುದು ಹೀಗೆ ಕಲಬೆರಕೆಯಾಗಿಯೇ ಇರುತ್ತದೆ, ಎರಡಕ್ಕೂ ಒಂದೇ ಶಾಖ ಆಗುವುದಿಲ್ಲ ಎಂದರು. ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ನಂಜುಂಡ ಕೇಳಿದ. ಹೊಡೆಯುವಾಗ ಸದ್ದೇ ಬೇರೆ ಬರುತ್ತದೆ ಎಂದರು.

ನಂಜುಂಡನಿಗೆ ಇಪ್ಪತ್ತನಾಲ್ಕು ವರ್ಷ ಕಾರ್ಖಾನೆಗೆ ಬರುತ್ತಿದ್ದದ್ದು ಒಂದೇ ಜಾತಿಯ, ಚೀಟಿ ಅಂಟಿಸಿದ ಉಕ್ಕು. ಗುಜರಿಯ ಕಬ್ಬಿಣದ ಸದ್ದು ಕೇಳಿ ಜಾತಿ ಹೇಳುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಅವನು ಒಂಬತ್ತು ಜನರೆದುರಿಗೂ ಕೈಮುಗಿದು, ತಪ್ಪು ನನ್ನದು, ಕೇಳದೆ ಮಾಡಿದೆ, ಶುಕ್ರವಾರದ ಸಂತೆಯೊಳಗೆ ಈ ಏಳರ ಬದಲು ಹೊಸ ಏಳನ್ನು ನಿಮ್ಮ ಕುಲುಮೆಯಲ್ಲಿ ನಾನೇ ಸಮ್ಮಟಿಗೆ ಹಿಡಿದು ಹೊಡೆದುಕೊಡುತ್ತೇನೆ ಎಂದ. ಕನ್ನಿಯಪ್ಪನವರು ಉಳಿದ ಹದಿಮೂರನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೊರಟರು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಅವನು ಆಚಾರಿ ಬೀದಿಗೆ ಹೋದ. ಬಂದು ನಾಲ್ಕು ತಿಂಗಳಾಗಿದ್ದರೂ ಆ ಬೀದಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕನ್ನಿಯಪ್ಪನವರ ಮನೆಯ ಮುಂದಿನ ಗರಿ ಚಪ್ಪರದಲ್ಲಿ ಕುಲುಮೆ ಉರಿಯುತ್ತಿತ್ತು. ಅವರು ಎಡಗೈಯಲ್ಲಿ ಇಕ್ಕಳದಿಂದ ಕಾದ ಪಟ್ಟಿ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಎಲ್ಲಿ ಬೀಳಬೇಕೋ ಅಲ್ಲಿ ಒಮ್ಮೆ ತಟ್ಟುವುದು. ತಟ್ಟಿದ ಜಾಗಕ್ಕೇ ಎದುರಿಗೆ ನಿಂತವರ ದೊಡ್ಡ ಸಮ್ಮಟಿಗೆ ಬಂದು ಬೀಳುವುದು. ಎದುರಿಗೆ ನಿಂತವಳು ಅವರ ಹೆಂಡತಿ ಅಂಜಲೈ. ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಗಲಿಸಿ ನಿಂತು, ತಲೆಯ ಮೇಲಿಂದ ಬೀಸಿ ಹೊಡೆಯುತ್ತಿದ್ದಳು. ಬೀದಿಯುದ್ದಕ್ಕೂ ನೋಡಿದರೆ ಹೆಚ್ಚುಕಡಿಮೆ ಎಲ್ಲ ಕುಲುಮೆಗಳಲ್ಲೂ ಹಾಗೇ. ಗಂಡ ಕೂತು ಸಣ್ಣ ಸುತ್ತಿಗೆ, ಹೆಂಡತಿ ನಿಂತು ದೊಡ್ಡದು.

ನಂಜುಂಡ ಷರಟು ಬಿಚ್ಚಿಟ್ಟು ಬನಿಯನ್ನಿನಲ್ಲಿ ನಿಂತ. ಅಂಜಲೈ ಸಮ್ಮಟಿಗೆಯನ್ನು ಅವನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಮೊದಲ ಮಚ್ಚು ಹೇಗೋ ಆಯಿತು. ಎರಡನೆಯದರ ಅರ್ಧಕ್ಕೆ ಅವನ ಹೆಗಲು ಬೆಂಕಿಯಾಯಿತು, ಕಣ್ಣಿಗೆ ಬೆವರು ಇಳಿದು ಸಣ್ಣ ಸುತ್ತಿಗೆ ತಟ್ಟಿದ ಜಾಗವೇ ಕಾಣದಾಯಿತು. ಒಂದೇಟು ಪಟ್ಟಿಯ ಕೆಳಗಿನ ಅಡೆಗಲ್ಲಿನ ಅಂಚಿಗೆ ಬಿತ್ತು. ಗಡಿಯಾರ ನೋಡಿದರೆ ಅರ್ಧ ಗಂಟೆಯೂ ಆಗಿರಲಿಲ್ಲ. ಅಂಜಲೈ ಬಂದು ಸಮ್ಮಟಿಗೆ ಇಸಿದುಕೊಂಡಳು. ಉಳಿದದ್ದನ್ನೆಲ್ಲ ಅವಳೇ ಹೊಡೆದಳು. ನಂಜುಂಡ ತಿದಿ ಒತ್ತುತ್ತಾ ಕೂತ.

ಕೆಲಸ ಮುಗಿದು ಎಲ್ಲರೂ ನೀರು ಕುಡಿಯುವಾಗ, ಎಷ್ಟು ವರ್ಷದಿಂದ ಹೊಡೆಯುತ್ತಿದ್ದೀಯಮ್ಮ ಎಂದು ಕೇಳಿದ. ಮದುವೆಯಾಗಿ ಬಂದ ಮೂರನೆಯ ವಾರದಿಂದ, ಇಪ್ಪತ್ತೆರಡು ವರ್ಷವಾಯಿತು ಎಂದಳು. ಹೆರಿಗೆಗೆ ಮಾತ್ರ ಬಿಟ್ಟಿದ್ದಳಂತೆ. ಅಷ್ಟರಲ್ಲಿ ಒಂಬತ್ತನೆಯ ಕ್ಲಾಸಿನ ಮಗಳು ಸೆಲ್ವಿ ಬಾಚಣಿಗೆ ತಂದು, ಅಮ್ಮನ ಹಿಂದೆ ಕೂತು ಅವಳ ಜಡೆ ಹಾಕತೊಡಗಿದಳು. ಹೆಣ್ಣುಮಗಳು ಅಮ್ಮನಿಗೆ ಜಡೆ ಹಾಕುವುದನ್ನು ನಂಜುಂಡ ನೋಡಿರಲಿಲ್ಲ. ಅಂಜಲೈ ಅವನ ಮುಖ ನೋಡಿ ತಾನೇ ಹೇಳಿದಳು. "ಈ ಕೈ ತಲೆ ಮೇಲಕ್ಕೆ ಹೋಗಲ್ಲ ಸಾರ್. ಸಮ್ಮಟಿಗೆ ಹಿಡಿದರೆ ಹೋಗುತ್ತೆ. ಬಾಚಣಿಗೆ ಹಿಡಿದರೆ ಹೋಗಲ್ಲ."

ಅವತ್ತು ಟ್ರೈನಿನಲ್ಲಿ ಬರುವಾಗ ನಂಜುಂಡನಿಗೆ ತನ್ನ ಅರವತ್ತು ಹೆಸರಿನ ಪಟ್ಟಿ ನೆನಪಾಯಿತು. ಅದರಲ್ಲಿ ಒಂದು ಹೆಂಗಸಿನ ಹೆಸರೂ ಇರಲಿಲ್ಲ. ಗಂಡಸು ತರಬೇತಿಗೆಂದು ಎರಡು ಮೈಲಿ ನಡೆದು ಬಂದರೆ ಅವತ್ತು ಕುಲುಮೆ ತಣ್ಣಗೆ ಮಲಗುತ್ತದೆ. ಆದ್ದರಿಂದ ಅವರು ಬರುತ್ತಿರಲಿಲ್ಲ. ಇನ್ನು ಸಮ್ಮಟಿಗೆ ಬೀಸುವವಳನ್ನು ಯಾರೂ ಕರೆದೇ ಇರಲಿಲ್ಲ. ಮನೆಗೆ ಬಂದು ಕಲಾವತಿಗೆ ಎಲ್ಲ ಹೇಳಿದ. ಅವಳು ಅವನ ಹೆಗಲಿಗೆ ಎಣ್ಣೆ ತಿಕ್ಕುತ್ತಾ, "ನಿಮ್ಗೆ ಅರ್ಧ ಗಂಟೆಗೇ ಹಿಂಗಾಗದೆ. ಅವ್ಳಿಗೆ ಇನ್ನೆಂಗಾಗಿರ್ಬೇಕು," ಎಂದಳು.

ಮುಂದಿನ ಮೂರು ವಾರ ನಂಜುಂಡ ಕಟ್ಟಡದ ಬೀಗ ತೆಗೆಯಲೇ ಇಲ್ಲ. ಆಚಾರಿ ಬೀದಿಯ ಮನೆಮನೆಗೆ ಹೋಗಿ ಕೂತ. ಯಾರ ಮನೆಯಲ್ಲಿ ಸಮ್ಮಟಿಗೆ ಯಾರು ಹೊಡೆಯುತ್ತಾರೆ, ಎಷ್ಟು ವರ್ಷದಿಂದ, ಮೈಗೆ ಏನಾಗಿದೆ ಎಂದು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅದರ ಜೊತೆಗೇ ಕನ್ನಿಯಪ್ಪನವರ ಪಕ್ಕದಲ್ಲಿ ಕೂತು ಕಬ್ಬಿಣದ ಸದ್ದು ಕಲಿತ. ಇದು ಲಾರಿ, ಇದು ಟ್ರೇಲರ್ ಎಂದು ಅವನು ಹತ್ತಕ್ಕೆ ಎಂಟು ಸರಿ ಹೇಳುವಂತಾದಾಗ ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು.

ವರ್ಷದ ಕೊನೆಗೆ ಕಚೇರಿಗೆ ವರದಿ ಕೊಡಬೇಕಾಗಿತ್ತು. ಕಮಲಾಕರ ಟೈಪು ಮಾಡಿಸಿಟ್ಟಿದ್ದ ಕಾಗದವನ್ನು ಅವನ ಮುಂದೆ ಸರಿಸಿದರು. ತರಬೇತಿ ಪಡೆದವರು ಅರವತ್ತು ಎಂದಿತ್ತು. ನಂಜುಂಡ ಓದಿ ಪೆನ್ನು ಕೆಳಗಿಟ್ಟ.

"ಬಂದಿದ್ದು ಒಂಬತ್ತು ಜನ ಸಾರ್."

"ನಂಗೂ ಗೊತ್ತು ನಂಜುಂಡ ಅವ್ರೇ. ಆದ್ರೆ ಅರವತ್ತು ಅಂತ ತೋರಿಸ್ದೆ ಇದ್ರೆ ಮುಂದಿನ ವರ್ಷ ಯೋಜನೆ ನಿಲ್ಲತ್ತೆ. ಆ ಕೇಂದ್ರಕ್ಕೆ ಬೀಗ ಬೀಳತ್ತೆ."

"ಈಗ್ಲೂ ಅದು ಬೀಗ ಹಾಕ್ದಂಗೇ ಅದೆ ಸಾರ್. ನಾನು ಹೋದಾಗ ತೆಗೀತೀನಿ, ಬರುವಾಗ ಹಾಕ್ತೀನಿ. ಅಷ್ಟೇಯ. ಒಂಬತ್ತು ಅಂತ್ಲೇ ಬರೀರಿ. ಜತೇಲಿ ಇದನ್ನೂ ಇಡಿ." ಹೀಗೆಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟ.

ಕಮಲಾಕರ ಪುಟ ಮಗುಚುತ್ತಾ ಹೋದರು. ನಂಜುಂಡ ಕನ್ನಡದಲ್ಲಿ ಬರೆದಿದ್ದರಿಂದ ಓದಲು ತಡವಾಗಲಿಲ್ಲ. ನಲವತ್ತಮೂರು ಕುಲುಮೆ. ಸಮ್ಮಟಿಗೆ ಹೊಡೆಯುವವರಲ್ಲಿ ಮೂವತ್ತೆಂಟು ಹೆಂಗಸರು. ಹೆಗಲು ಬಿದ್ದವರು ಇಪ್ಪತ್ತೊಂದು. ಗರ್ಭಕೋಶ ಕೆಳಗಿಳಿದವರು ಎಂಟು. ಅಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗುರುವಾರ ನಾನೂ ಬರ್ತೀನಿ," ಎಂದರು.

ಗುರುವಾರ ಅವರು ಬಂದು ಕನ್ನಿಯಪ್ಪನವರ ಚಪ್ಪರದಲ್ಲಿ ಎರಡು ಗಂಟೆ ಕೂತರು. ಸರ್ಕಾರದವರು ನಿಮಗೆ ಏನು ಮಾಡಿದರೆ ಅನುಕೂಲ ಎಂದು ಅಂಜಲೈಯನ್ನು ಕೇಳಿದರು. ಅವಳು ಕೈಯಲ್ಲಿದ್ದ ಕೆಲಸ ಮುಗಿಸಿ, ಸಮ್ಮಟಿಗೆ ಊರಿ ನಿಂತು, "ಆ ಕಟ್ಟಡದಲ್ಲಿ ತಾನಾಗಿ ಹೊಡೆಯೋ ಸಮ್ಮಟಿಗೆ ಒಂದಿದೆಯಂತೆ. ಅದು ಅಲ್ಲಿ ಯಾರಿಗೆ ಹೊಡೀತಿದೆ ಅಯ್ಯಾ?" ಎಂದು ಕೇಳಿದಳು. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು. ಕಮಲಾಕರ ಜೇಬಿನಿಂದ ಪೆನ್ನು ತೆಗೆದು ಆ ಮಾತನ್ನು ಬರೆದುಕೊಂಡರು.

ಯಂತ್ರವನ್ನು ಎರಡು ಮೈಲಿ ಸರಿಸಲು ಹನ್ನೊಂದು ತಿಂಗಳು ಹಿಡಿಯಿತು. ಯೋಜನೆಯ ಕಾಗದದಲ್ಲಿ ಅದರ ವಿಳಾಸ ಆ ಕಟ್ಟಡ. ವಿಳಾಸ ಬದಲಿಸಲು ಮೇಲಿನವರ ಒಪ್ಪಿಗೆ ಬೇಕು, ಅವರಿಗೂ ಮೇಲಿನವರದ್ದು ಬೇಕು. ಕಮಲಾಕರ ಬಿಡದೆ ಪತ್ರ ಬರೆದರು, ತಾವೇ ಫೈಲು ಹಿಡಿದು ಮೇಜಿಂದ ಮೇಜಿಗೆ ಅಲೆದರು. ಒಂಬತ್ತು ಎಂದೇ ವರದಿ ಹೋಗಿತ್ತು. ಅದಕ್ಕೆ ವಿವರಣೆ ಕೇಳಿ ಬಂದ ಪತ್ರಕ್ಕೆ ಆ ನೋಟ್‌ಬುಕ್ಕನ್ನು ಇಂಗ್ಲಿಷಿಗೆ ಇಳಿಸಿ ಕಳಿಸಿದರು. ಯೋಜನೆ ನಿಲ್ಲಲಿಲ್ಲ. ತರಬೇತಿಯ ಪಟ್ಟಿಗೆ ಮೂವತ್ತೆಂಟು ಹೆಂಗಸರ ಹೆಸರೂ ಸೇರಿತು. ಎರಡು ಸಾವಿರದ ಮೂರರ ಪೊಂಗಲ್ ಕಳೆದ ಮೇಲೆ ಬೀದಿಯ ತುದಿಯ ಹಳೇ ಮಗ್ಗದ ಷೆಡ್ಡಿಗೆ ತ್ರೀ ಫೇಸ್ ಕರೆಂಟು ಬಂತು, ಪವರ್ ಹ್ಯಾಮರ್ ಟ್ರ್ಯಾಕ್ಟರಿನಲ್ಲಿ ಕೂತು ಆಚಾರಿ ಬೀದಿಗೆ ಬಂತು.

ಹೆಂಗಸರು ಅದಕ್ಕೆ ತಮ್ಮ ತಮಿಳಿನಲ್ಲಿ ಕರೆಂಟ್ ಸಮ್ಮಟ್ಟಿ ಎಂದು ಹೆಸರಿಟ್ಟರು. ಪೆಡಲನ್ನು ಎಷ್ಟು ತುಳಿದರೆ ಎಷ್ಟು ಏಟು, ಬೆರಳು ಎಲ್ಲಿಡಬಾರದು ಎನ್ನುವುದನ್ನು ನಂಜುಂಡ ಒಬ್ಬೊಬ್ಬರಿಗೂ ಕಾಲಿನ ಪಕ್ಕದಲ್ಲಿ ಕೂತು ಕಲಿಸಿದ. ಅವನೆಣಿಸಿದ್ದಕ್ಕಿಂತ ಬೇಗ ಕಲಿತರು. ಇಪ್ಪತ್ತು ವರ್ಷ ಏಟಿನ ತೂಕವನ್ನು ಮೈಯಲ್ಲಿ ಹೊತ್ತವರಿಗೆ ಅದನ್ನು ಪಾದಕ್ಕೆ ಇಳಿಸುವುದು ಕಷ್ಟವಾಗಲಿಲ್ಲ. ಮೂರನೆಯ ದಿನಕ್ಕೆ ಅಂಜಲೈ ಇಕ್ಕಳವನ್ನೂ ತಾನೇ ಹಿಡಿದು, ಪೆಡಲನ್ನೂ ತಾನೇ ತುಳಿದು ಒಂದು ಕುಡುಗೋಲನ್ನು ಮೊದಲಿಂದ ಕೊನೆಯವರೆಗೆ ಬಡಿದಳು. ಕನ್ನಿಯಪ್ಪನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬೆನ್ನಿನ ಬಳಿ ಸ್ವಲ್ಪ ದಪ್ಪವಾಯಿತು ಎಂದರು. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆದರೆ ಇನ್ನೊಂದು ತೊಂದರೆ ಎದ್ದಿತು. ಒಂದು ದಿನದ ಕೆಲಸ ಎರಡೇ ಗಂಟೆಯಲ್ಲಿ ಮುಗಿಯತೊಡಗಿತು, ಕೊಳ್ಳುವ ಕೈ ಮಾತ್ರ ಅಷ್ಟೇ ಇತ್ತು. ಚಪ್ಪರಗಳಲ್ಲಿ ಈಳಿಗೆಮಣೆಗಳು ರಾಶಿ ಬಿದ್ದವು. ಯಂತ್ರ ತಂದು ನಮ್ಮ ಹೊಟ್ಟೆಯ ಮೇಲೆ ಹೊಡೆದಿರಿ ಎಂದು ಬೀದಿಯ ಇಬ್ಬರು ಗಂಡಸರು ನಂಜುಂಡನ ಮುಖದ ಮೇಲೇ ಅಂದರು. ಅವನಿಗೆ ದಾರಿ ಹೊಳೆಯಲಿಲ್ಲ. ಮಾರುವುದು ಅವನಿಗೆ ಗೊತ್ತಿದ್ದ ವಿದ್ಯೆಯಲ್ಲ.

ಹೊಳೆದದ್ದು ಕಲಾವತಿಗೆ. ಅವಳಿಗೆ ಆ ವರ್ಷ ಮಂಡಿನೋವು ಹತ್ತಿತ್ತು, ನೆಲಕ್ಕೆ ಕೂರಲಾಗುತ್ತಿರಲಿಲ್ಲ. ತವರಿನಿಂದ ತಂದ ಈಳಿಗೆಮಣೆಯನ್ನು ಅಡುಗೆಕಟ್ಟೆಯ ಮೇಲಿಟ್ಟು ನಿಂತು ಹೆಚ್ಚಲು ನೋಡಿದರೆ ಮಣೆ ಜಾರುತ್ತಿತ್ತು. ಒಂದು ಭಾನುವಾರ ಕುಂಬಳಕಾಯಿ ಹೆಚ್ಚುತ್ತಾ, "ರೀ, ನೆಲದ್ ಮೇಲೆ ಕೂರೋ ಕಾಲ ಹೋಯ್ತು. ನಮ್ಮ ಆಫೀಸಲ್ಲಿ ಯಾವ ಹೆಂಗಸೂ ಕೂರಲ್ಲ. ಹಂಗಂತ ಚಾಕೂಲಿ ಹಲಸಿನಕಾಯಿ ಹೆಚ್ಚಕ್ಕಾಯ್ತದಾ? ಇದನ್ನ ಕಟ್ಟೆಗೆ ಗಟ್ಟಿಯಾಗಿ ಕಚ್ಚಿಸೋ ಹಂಗೆ ಏನಾದ್ರೂ ಮಾಡಕ್ಕಾಗಲ್ವಾ?" ಎಂದಳು.

ನಂಜುಂಡ ಎದ್ದು ಬಂದು ಕಟ್ಟೆಯ ಕಲ್ಲಿನ ದಪ್ಪ ಅಳೆದ. ಕಾರ್ಖಾನೆಯಲ್ಲಿ ಮೇಜಿಗೆ ಕಚ್ಚಿಸುತ್ತಿದ್ದ ತಿರುಪಿನ ಹಿಡಿಕೆ ಅವನ ಕಣ್ಣಮುಂದೆ ಬಂತು. ಎಸ್ಟೇಟಿನಲ್ಲಿ ಲೇತ್ ಇಟ್ಟುಕೊಂಡಿದ್ದ ಹಳೆಯ ಸಹೋದ್ಯೋಗಿ ಶಿವರಾಮುವಿನ ಷೆಡ್ಡಿನಲ್ಲಿ ಎರಡು ದಿನ ಕೂತು ಮಾದರಿ ಮಾಡಿದ. ಮಣೆಯ ಬದಲು ಕಬ್ಬಿಣದ ಪಾದ, ಪಾದದ ಕೆಳಗೆ ತಿರುಪು. ತಿರುಗಿಸಿದರೆ ಕಟ್ಟೆಯ ಅಂಚನ್ನು ಕಚ್ಚಿ ಹಿಡಿಯುತ್ತದೆ. ಕೆಲಸ ಮುಗಿದರೆ ಅಲಗು ಮಡಚಿ ಒಳಗಿಡಬಹುದು. ಕಲಾವತಿ ಒಂದು ವಾರ ಅದರಲ್ಲಿ ಹೆಚ್ಚಿ ನೋಡಿ, ಅಲಗು ಎರಡು ಬೆರಳು ತಗ್ಗಬೇಕು, ಇಲ್ಲದಿದ್ದರೆ ಕೈ ನೋಯುತ್ತದೆ ಎಂದು ತಿದ್ದಿದಳು.

ಆ ಮಾದರಿ ನೋಡಿ ಆಚಾರಿ ಬೀದಿಯವರು ಬಡಿಯತೊಡಗಿದರು. ಆಮೇಲಿನ ಕೆಲಸ ಕಮಲಾಕರರದ್ದು. ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಚೆನ್ನೈನ ದ್ವೀಪ ಮೈದಾನದ ವಸ್ತುಪ್ರದರ್ಶನದಲ್ಲಿ ಯೋಜನೆಯ ಹೆಸರಿನಲ್ಲಿ ಒಂದು ಮಳಿಗೆ ಕೊಡಿಸಿದರು. ಅಂಜಲೈ, ಇನ್ನೂ ಮೂವರು ಹೆಂಗಸರು ಮೊದಲ ಸಲ ಚೆನ್ನೈಗೆ ಬಂದು ಹದಿನೈದು ದಿನ ಅಂಬತ್ತೂರಿನ ಮನೆಯಲ್ಲೇ ಉಳಿದರು. ಕೃತಿ ತನ್ನ ಕೋಣೆ ಬಿಟ್ಟುಕೊಟ್ಟಳು, ಮಳಿಗೆಯ ಹಲಗೆಯನ್ನು ತಮಿಳಿನಲ್ಲಿ ಅವಳೇ ಬರೆದಳು. ಮೊದಲೆರಡು ದಿನ ಜನ ನೋಡಿಕೊಂಡು ಮುಂದೆ ಹೋದರು. ಮೂರನೆಯ ದಿನ ಅಂಜಲೈಗೆ ಸುಮ್ಮನೆ ಕೂರಲು ಬೇಸರವಾಗಿ, ಒಂದು ಹಲಸಿನಕಾಯಿ ತರಿಸಿ, ಮೇಜಿನಂಚಿಗೆ ತಿರುಪು ಬಿಗಿದು, ನಿಂತು ಹೆಚ್ಚತೊಡಗಿದಳು. ಕಾಯಿ ಮುಗಿಯುವಷ್ಟರಲ್ಲಿ ಮಳಿಗೆಯ ಮುಂದೆ ಹೆಂಗಸರ ಗುಂಪು ನೆರೆದಿತ್ತು. ತಂದದ್ದೆಲ್ಲ ಖರ್ಚಾಗಿ ಇನ್ನೆರಡು ಸಲ ಊರಿಂದ ತರಿಸಬೇಕಾಯಿತು. ಟಿ. ನಗರದ ಪಾತ್ರೆ ಅಂಗಡಿಯವನೊಬ್ಬ ತಿಂಗಳಿಗೆ ಇಷ್ಟು ಬೇಕೆಂದು ಹೇಳಿ ಹೋದ.

ಎಲ್ಲ ಕುಲುಮೆಗಳೂ ಉಳಿದವು ಎಂದರೆ ಸುಳ್ಳಾಗುತ್ತದೆ. ಯೋಜನೆ ಎರಡು ಸಾವಿರದ ಆರರ ಮಾರ್ಚಿಗೆ ಮುಗಿದಾಗ ಬೀದಿಯಲ್ಲಿ ಇಪ್ಪತ್ತಾರು ಕುಲುಮೆ ಉರಿಯುತ್ತಿದ್ದವು. ಮುಖದ ಮೇಲೆ ಅಂದಿದ್ದ ಆ ಇಬ್ಬರೂ ಸೇರಿ ಹಲವರು ಶ್ರೀಪೆರುಂಬುದೂರಿನ ಹೊಸ ಕಾರ್ಖಾನೆಗಳಿಗೆ ಹೋದರು, ಅವರಲ್ಲಿ ಕೆಲವರಿಗೆ ಒಳ್ಳೆಯದೂ ಆಯಿತು. ಪಂಚಾಯತಿ ಯೂನಿಯನ್ ಕಚೇರಿಯ ಪಕ್ಕದ ಕಟ್ಟಡ ಗೊಬ್ಬರದ ಉಗ್ರಾಣವಾಯಿತು. ಕಮಲಾಕರರನ್ನು ಬ್ಯಾಂಕು ಹಿಂದಕ್ಕೆ ಕರೆಸಿಕೊಂಡಿತು. ಆದರೆ ಯೋಜನೆ ಮುಗಿಯುವ ಮೊದಲು ಅವರು ಮಾಡಿದ ಒಂದು ಕೆಲಸ ಉಳಿದುಕೊಂಡಿತು. ಷೆಡ್ಡು, ಯಂತ್ರ ಎರಡನ್ನೂ ಬೀದಿಯವರ ಸಂಘದ ಹೆಸರಿಗೆ ಬರೆಸಿದ್ದರು, ಸಂಘದ ಸಮಿತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರದ್ದೆಂದು ನಿಯಮ ಮಾಡಿಸಿದ್ದರು. ಎರಡನೆಯ ವರ್ಷದ ಚುನಾವಣೆಯಲ್ಲಿ ಅಂಜಲೈ ಅಧ್ಯಕ್ಷೆಯಾದಳು. ಅವಳ ಹೆಗಲು ಪೂರ್ತಿ ವಾಸಿಯಾಗಲಿಲ್ಲ. ಡಾಕ್ಟರು, ತಡವಾಗಿ ಬಂದಿರಿ ಎಂದರು. ಸೆಲ್ವಿ ಮಾತ್ರ ಆ ಕೆಲಸಕ್ಕೆ ಕೈಹಾಕಲಿಲ್ಲ, ತಿರುವಳ್ಳೂರಿಗೆ ಹೋಗಿ ನರ್ಸಿಂಗ್ ಓದಿದಳು.

ನಂಜುಂಡನಿಗೆ ಸಂಬಳ ನಿಂತರೂ ಹೋಗಿಬರುವುದು ನಿಲ್ಲಲಿಲ್ಲ. ತಿಂಗಳಿಗೊಮ್ಮೆ, ಯಂತ್ರದ ಬೇರಿಂಗ್ ನೋಡುವ ನೆಪ ಮಾಡಿ ಹೋಗುತ್ತಿದ್ದ. ಹೊಸದಾಗಿ ಕಬ್ಬಿಣ ಬಂದಾಗ ಹುಡುಗರು ಒಂದು ತುಂಡನ್ನು ಅಡೆಗಲ್ಲಿಗೆ ತಟ್ಟಿ, ಸಾರ್, ಇದು ಯಾವುದು ಹೇಳಿ ಎಂದು ಅವನನ್ನು ಪರೀಕ್ಷೆ ಮಾಡುತ್ತಿದ್ದರು. ಅವನು ತಪ್ಪು ಹೇಳಿದರೆ ಕನ್ನಿಯಪ್ಪನವರು ಕೂತಲ್ಲಿಂದಲೇ ತಿದ್ದುತ್ತಿದ್ದರು.

ಎರಡು ಸಾವಿರದ ಒಂಬತ್ತರ ಸೆಪ್ಟೆಂಬರಿನಲ್ಲಿ ಸಂಘದವರು ಇನ್ನೊಂದು ಪವರ್ ಹ್ಯಾಮರ್ ತಂದರು. ಈ ಸಲ ಯಾವ ಯೋಜನೆಯೂ ಇರಲಿಲ್ಲ, ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆಯುಧಪೂಜೆಯ ದಿನ ಶುರು ಮಾಡುತ್ತೇವೆ, ಇಬ್ಬರೂ ಬರಬೇಕು ಎಂದು ಅಂಜಲೈ ಫೋನು ಮಾಡಿದ್ದಳು. ಅಷ್ಟರಲ್ಲಿ ನಂಜುಂಡನಿಗೆ ಚಿಕುನ್‌ಗುನ್ಯಾ ಹಿಡಿದು, ಕೈಕಾಲು ಕೀಲುಗಳೆಲ್ಲ ಊದಿಕೊಂಡು, ಮಂಚದಿಂದ ಏಳಲಾಗದೆ ಮಲಗಿದ್ದ. ಹೋಗಲೇಬೇಕೆಂದು ಹಟ ಹಿಡಿದವನನ್ನು ಕಲಾವತಿ ಮಲಗಿಸಿ, ಕೃತಿಯನ್ನು ಕಾವಲಿಗೆ ಬಿಟ್ಟು, ತಾನೊಬ್ಬಳೇ ಟ್ರೈನು ಹತ್ತಿದಳು.

ಸಂಜೆ ಐದಕ್ಕೆ ಬಂದಳು. ಸೀರೆಯ ಮೇಲೆ ಕುಂಕುಮ ಚೆಲ್ಲಿತ್ತು, ಚೀಲದಲ್ಲಿ ಕಡಲೆಪುರಿ, ಬಾಳೆಹಣ್ಣು. ನಂಜುಂಡ ದಿಂಬಿಗೆ ಒರಗಿ ಕೂತು, ಏನೇನಾಯ್ತು ಹೇಳು ಎಂದ. ಅವಳು ಕಾಲು ತೊಳೆದು ಬಂದು ಮಂಚದ ತುದಿಯಲ್ಲಿ ಕೂತು ಒಂದೊಂದಾಗಿ ಹೇಳಿದಳು. ಕನ್ನಿಯಪ್ಪನವರೇ ಪೂಜೆ ಮಾಡಿದರಂತೆ. ಹಾಕಮ್ಮ ಎಂದು ಸ್ವಿಚ್ಚು ಕಲಾವತಿಯ ಕೈಯಲ್ಲೇ ಹಾಕಿಸಿದರಂತೆ. ಮೊದಲ ಏಟಿಗೆ ಅವಳು ಬೆಚ್ಚಿಬಿದ್ದದ್ದನ್ನು ನೋಡಿ ಹೆಂಗಸರೆಲ್ಲ ಬಾಯ್ತುಂಬ ನಕ್ಕರಂತೆ.

"ಅಂಜಲೈ ನಿಮ್ಗೇನೋ ಹೇಳು ಅಂದ್ಲು ರೀ," ಎಂದಳು ಕಲಾವತಿ. "ನನ್ ಕಿವಿ ಹತ್ರಾನೇ ಬಂದು ಹೇಳಿದ್ಲು. ಆದ್ರೆ ಎರಡು ಯಂತ್ರಾನೂ ಒಟ್ಟಿಗೆ ಹೊಡೀತಿದ್ವಲ್ಲ, ಆ ಸದ್ದಲ್ಲಿ ಒಂದಕ್ಷರ ಕೇಳಿಸ್ಲಿಲ್ಲ."

ನಂಜುಂಡ ನಕ್ಕ. ಊದಿದ ಬೆರಳುಗಳಿಂದ ಬಾಳೆಹಣ್ಣು ಸುಲಿಯಲು ನೋಡಿ ಆಗದೆ, ಅವಳ ಕೈಗೆ ಕೊಟ್ಟ.